ಹಳೇ ಡಬ್ಬದ ಜಗಳ

"ಕಿಟಕಿ ತೆಗೀರಿ ಮಾವ! ಇದೇನು ಮನೆಯೋ ಇಟ್ಟಿಗೆ ಗೂಡೋ?"

ಗೇಟಿನ ಚಿಲಕ ಸದ್ದು ಮಾಡಿದ್ದೇ ತಡ, ಒಳಗೆ ಶುರುವಾಯಿತು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಕಂಡವರ ಕಣ್ಣು ಪರೀಕ್ಷಿಸಿ ಬಂದ ಮಗ ಹೊಸ್ತಿಲಲ್ಲೇ ನಿಟ್ಟುಸಿರುಬಿಟ್ಟ. ಅವನಿಲ್ಲದಾಗ ಈ ಮನೆಯಿಂದ ಒಂದು ಸೊಲ್ಲೂ ಕೇಳಿಸುವುದಿಲ್ಲವೆಂದು ಪಕ್ಕದ ಮನೆಯಾಕೆ ಹೇಳಿದ್ದಳು. ಮಾವ ಸೊಸೆ ಮಾತೇ ಬಿಟ್ಟಿದ್ದಾರೆಂದು ಅವನು ತಿಳಿದಿದ್ದ.

ನಡುಮನೆಯಲ್ಲಿ ನೀಲಿ ಹೊಗೆ. ಆರಾಮಕುರ್ಚಿಯಲ್ಲಿ ಅಪ್ಪ, ಹಲ್ಲುಗಳ ನಡುವೆ ಪೈಪು. ಹಡಗಿನ ಕೆಲಸದಲ್ಲಿದ್ದಾಗ ಬಂದರು ಬಂದರು ಅಲೆದು ಕೂಡಿಟ್ಟ ಹೊಗೆಸೊಪ್ಪಿನ ಡಬ್ಬಗಳು ಗೋಡೆಗೂಡಿನಲ್ಲಿ ಸಾಲಾಗಿದ್ದವು. ಅವನ್ನು ತಯಾರಿಸಿದ ಕಾರ್ಖಾನೆಗಳು ಮುಚ್ಚಿ ಎಷ್ಟೋ ಕಾಲವಾಗಿತ್ತು. ಡಬ್ಬದೊಳಗೆ ಸೊಪ್ಪು ವರ್ಷ ಕಳೆದಷ್ಟೂ ಮಾಗುತ್ತದೆಂಬುದು ಅಪ್ಪನ ಹೆಮ್ಮೆ. ಆದರೆ ಒಂದು ತಿಂಗಳಿಡೀ ಬರಬೇಕಾದ ಡಬ್ಬ ಈಚೆಗೆ ಅರ್ಧ ತಿಂಗಳಿಗೇ ತಳ ಕಾಣುತ್ತಿತ್ತು. ಹೊಗೆಸೊಪ್ಪು ಮುಟ್ಟಿದವರನ್ನು ಕಂಡರೆ ಮಗನಿಗೆ ಆಗದು, ಅಪ್ಪನೆಂದು ಸಹಿಸಿಕೊಂಡಿದ್ದ.

"ಮೊದಲು ಒಣ ಅಂಜೂರ, ಆಮೇಲೆ ಹುಳಿ ದ್ರಾಕ್ಷಿ, ಕೊನೆಗೆ ಸುಟ್ಟ ಸೌದೆ! ನನ್ನ ತಲೆಕೂದಲಿಗೆಲ್ಲ ಹತ್ಕೊಂಡಿದೆ ಕಣ್ರೀ ಈ ದರಿದ್ರ ವಾಸನೆ," ಎಂದು ಹೆಂಡತಿ ಗಂಡನತ್ತ ತಿರುಗಿದಳು. ಬಯ್ಯುತ್ತಲೇ ಮಾವನ ಬೆನ್ನ ಹಿಂದೆ ಜಾರಿದ್ದ ದಿಂಬನ್ನು ಎತ್ತಿ ಕುಕ್ಕಿದಳು.

"ನಿನ್ನೆ ಮೊನ್ನೆ ಬಂದೋಳು, ನಿನಗೇನು ಗೊತ್ತೇ ಇದರ ಬೆಲೆ?" ಅಪ್ಪ ಗುಡುಗಿದರು.

"ನೀವೇ ತಲೆ ಮೇಲೆ ಹೊತ್ಕೊಂಡು ಕುಣೀರಿ!"

"ಬಾಯಿಗೆ ಬೀಗ ಹಾಕೇ, ಬಜಾರಿ!"

"ನೀವು ಮೊದಲು ಆ ಡಬ್ಬದ ಗೂಡಿಗೆ ಹಾಕಿ!"

ಮಗ ಕೈಚೀಲವನ್ನು ಮೇಜಿನ ಮೇಲೆ ಎಸೆದ. "ಸಾಕು! ಅಕ್ಕಂಗೆ ಫೋನ್ ಮಾಡಿದೀನಿ. ನಾಳೆ ಬೆಳಿಗ್ಗೆ ಕಾರು ಬರುತ್ತೆ. ಅಪ್ಪ ಇನ್ಮೇಲೆ ಅಲ್ಲೇ ಇರ್ಲಿ. ಈ ಡಬ್ಬಗಳೂ ಜೊತೆಗೇ ತೊಲಗ್ಲಿ."

ಗೆದ್ದವಳು ಹಿಗ್ಗುತ್ತಾಳೆಂದು ಅವನು ಎಣಿಸಿದ್ದ. ಅವಳು ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಳು.

"ಕಳಿಸಿ ಅಂತ ನಿಮಗೆ ಹೇಳಿದ್ಯಾರು?"

"ದಿನಾ ಬಡ್ಕೊಳ್ಳೋಳು ನೀನೇ ಅಲ್ವಾ?"

"ಬಡ್ಕೋತೀನಿ. ಹಾಗಂತ ಹೆತ್ತಪ್ಪನ್ನ ಆಚೆಗೆ ಹಾಕ್ತೀರಾ? ನಾಚಿಕೆ ಆಗಲ್ವಾ?"

"ಆಗಲ್ಲ. ನನ್ನ ತಾಳ್ಮೆ ಮುಗೀತು." ಅವನು ಗೂಡಿನಿಂದ ಡಬ್ಬಗಳನ್ನು ಒಂದೊಂದಾಗಿ ಇಳಿಸತೊಡಗಿದ. "ನಾಳೆಯಿಂದ ಈ ಮನೇಲಿ ಹೊಗೆ ಅನ್ನೋದೇ ಇರಬಾರದು."

ಅಪ್ಪ ಸೊಸೆಯ ಮುಖ ನೋಡಿದರು. ಹೇಳಬೇಡಿ ಎನ್ನುವಂತೆ ಅವಳು ತಲೆಯಾಡಿಸಿದಳು. ಅಪ್ಪ ಬಾಯಿಂದ ಪೈಪು ತೆಗೆದು, ಗಂಟಲು ಸರಿಮಾಡಿಕೊಂಡರು.

"ಒಂದೆರಡು ತಿಂಗಳು ತಡಿಯೋ. ನಿನ್ನ ಹೆಂಡತಿಗಿನ್ನೂ ಪೈಪು ತುಂಬೋಕೆ ಸರಿಯಾಗಿ ಬರಲ್ಲ. ಪಾಪ, ಅವಳು ಸೇದ್ತಾ ಸೇದ್ತಾ ಅರ್ಧಕ್ಕೇ ಆರಿಹೋಗುತ್ತೆ."