ರೊಟ್ಟಿ ಚಾಚಿದ ಕೈ

ಬೊಮ್ಮಸಂದ್ರದ ಕಾರ್ಖಾನೆ ಗೇಟಿನ ಮುಂದೆ ಪ್ರಾಣಿದಯಾ ಸಂಘದ ವ್ಯಾನಿನ ಬಾಗಿಲು ತೆರೆಯುತ್ತಿದ್ದಂತೆ, ಪಾಳಿ ಮುಗಿಸಿ ಕಾಯುತ್ತಿದ್ದ ಚನ್ನಕ್ಕ ಡಬ್ಬಿಯಿಂದ ರೊಟ್ಟಿ ತೆಗೆದಳು. ಸಂತಾನಹರಣ ಆಪರೇಷನ್ ಆಗಿದ್ದಕ್ಕೆ ಗುರುತಾಗಿ ಎಡಗಿವಿಯ ತುದಿ ಕಳೆದುಕೊಂಡಿದ್ದ ಬೀದಿನಾಯಿ ಗುಂಡ್ಯಾ ಬೋನಿನಿಂದ ಕೆಳಗೆ ಜಿಗಿದು, ತನ್ನ ಬೀದಿಯನ್ನು ಮೂಸಿ ಬಾಲ ಆಡಿಸಿತು.

"ನೋಡಿ ಅಕ್ಕ, ಹೇಳ್ದಂಗೆ ವಾಪಸ್ ತಂದ್ಬಿಟ್ವಿ," ಎಂದಳು ಸಂಘದ ದೀಪಶ್ರೀ. ಹೋದ ವಾರ ನಾಯಿ ಯಾರ ಕೈಗೂ ಸಿಗದಿದ್ದಾಗ, "ನೀವು ಒಂದ್ಸಲ ಕರೀರಿ ಸಾಕು, ನಿಮ್ಮ ಹತ್ರ ಬರ್ತಾನೆ" ಎಂದು ಪುಸಲಾಯಿಸಿದವಳೂ ಅವಳೇ. ಚನ್ನಕ್ಕ ಇಲ್ಲೇ ಕುಕ್ಕರುಗಾಲಲ್ಲಿ ಕೂತು, ರೊಟ್ಟಿ ಚಾಚಿ ಕರೆದಿದ್ದಳು. ಗುಂಡ್ಯಾ ಓಡಿ ಬಂದು ಅವಳ ಅಂಗೈಗೆ ಮೂತಿ ಇಟ್ಟಾಗಲೇ ಹಿಂದಿನಿಂದ ಬಲೆ ಬಿದ್ದಿತ್ತು. ಬಲೆಯೊಳಗಿಂದ ಅದು ಅವಳನ್ನೇ ನೋಡುತ್ತಿತ್ತು.

"ಬಾರೋ ಗುಂಡ್ಯಾ, ನಿನಗಂತ ರೊಟ್ಟಿ ತಂದೀನಿ, ಬಾ ನನ್ನಪ್ಪ," ಎಂದು ಚನ್ನಕ್ಕ ಅವತ್ತಿನಂತೆಯೇ ಕೂತು ಕೈ ಚಾಚಿದಳು.

ಆಡುತ್ತಿದ್ದ ಬಾಲ ನಿಂತಿತು. ಗುಂಡ್ಯಾ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಹಿಂದೆ ಸರಿಯಿತು, ದೀಪಶ್ರೀಯ ಕಾಲ ಪಕ್ಕ ನುಸುಳಿ ವ್ಯಾನ್ ಹತ್ತಿತು, ಬಾಗಿಲು ತೆರೆದೇ ಇದ್ದ ಬೋನಿನ ಮೂಲೆಗೆ ಹೋಗಿ ಮುದುರಿ ಕೂತಿತು.