ಹಿಂದಿನ ಕೋಣೆಯ ಮೀಟರು

ಸರ್ಕಾರ ಕರೆಂಟು ಬಿಟ್ಟಿ ಕೊಟ್ಟರೂ ದೇವೀರಮ್ಮನ ತಮ್ಮನ ಮನೆಯಲ್ಲಿ ಬಳಕೆ ಮಿತಿ ಮೀರಿ ಬಿಲ್ಲು ಬರುತ್ತಲೇ ಇತ್ತು. ಹಿಂದಿನ ಕೋಣೆಗೆ ಇನ್ನೊಂದು ಮೀಟರು ಹಾಕಿಸಿದರೆ ಎರಡಕ್ಕೂ ಬಿಟ್ಟಿ. ಆದರೆ ಅಲ್ಲಿ ಬೇರೆ ಸಂಸಾರ ಇರಬೇಕು, ಬೇರೆ ಒಲೆ ಉರಿಯಬೇಕು.

"ಕರೆಂಟ್ ಆಫೀಸಿನ ಸಾಹೇಬ್ರು ನೋಡ್ಕಂಡು ಹೋಗೋಗಂಟ ಅಷ್ಟೇ ಅಕ್ಕಯ್ಯ," ಎಂದ ತಮ್ಮ.

ಗಂಡ ತೀರಿದಂದಿನಿಂದ ತಮ್ಮನ ಮನೆಯಲ್ಲೇ ಉಂಡು, ಅವನ ಮಕ್ಕಳನ್ನು ಎತ್ತಿ ಆಡಿಸಿದ ದೇವೀರಮ್ಮನಿಗೆ ಇದೊಂದು ದೊಡ್ಡ ಕೆಲಸವೇ? ಪುಟ್ಟ ಗ್ಯಾಸ್ ಒಲೆಯನ್ನು ಕೋಣೆಗೆ ಸಾಗಿಸಿ ಎಸರಿಟ್ಟಳು. ಸಾಹೇಬರು ಬಂದಾಗ ಮುಖ ಗಂಟಿಕ್ಕಿಕೊಂಡಳು.

"ಊಟ ಅವರ ಜೊತೇಲೇನಮ್ಮಾ?"

"ಅವಳ ಸಾರು ನಾಯೀನೂ ಮೂಸಲ್ಲ ಸ್ವಾಮಿ. ನಾನು ಬೇರೆಯಾಗಿ ವರ್ಸಾಯ್ತು."

ಬಾಗಿಲ ಮರೆಯಲ್ಲಿದ್ದ ತಮ್ಮನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಾಹೇಬರು ಮೀಟರಿಗೆ ಒಪ್ಪಿಗೆ ಕೊಟ್ಟು ಹೋದರು. ದೇವೀರಮ್ಮ ನಗುತ್ತಲೇ ಒಲೆ ಆರಿಸಿ, ಎತ್ತಿಕೊಂಡು ಅಡುಗೆಮನೆಗೆ ಬಂದಳು.

"ಸಾರು ಬಯ್ದೆ ಅಂತ ಬೇಜಾರಾಗ್ಬೇಡ ಕಣವ್ವ. ಬಡ್ಸು, ಹೊಟ್ಟೆ ಹಸೀತದೆ."

ತಮ್ಮ ಬಾಗಿಲಿಗೆ ಅಡ್ಡ ನಿಂತ.

"ಒಲೆ ಅಲ್ಲೇ ಇರ್ಲಿ ಬಿಡಕ್ಕಯ್ಯ. ನಿನ್ನ ಪಾಲಿನ ಅಕ್ಕಿ ಬೇಳೆ ಆಗ್ಲೇ ನಿನ್ನ ಮಂಚದ ಕೆಳಗೆ ಇಡ್ಸಿವ್ನಿ."