ಎಣ್ಣೆಯಲ್ಲಿ ಎರಡು ಹರಳು

ಉಂಗುರದಿಂದ ಬಿಡಿಸಿದ ಅಕ್ಕನ ಹರಳು ಬಟ್ಟಲಿನ ಎಣ್ಣೆಗೆ ಇಳಿದದ್ದೇ ತಡ, ಕಣ್ಣೆದುರೇ ಮಾಯವಾಯಿತು.

"ನಿಮ್ಮದು ಗಾಜು ಕಣಮ್ಮಾ," ಎಂದರು ಹರಳು ಪರೀಕ್ಷಿಸುವ ಮುದುಕರು. "ಎಣ್ಣೆಯಿಂದ ಗಾಜಿಗೆ ಹೋಗೋವಾಗ ಬೆಳಕು ಬಾಗೋದೇ ಇಲ್ಲ ಅನ್ನಿ, ಅದಕ್ಕೇ ಕಾಣಲ್ಲ. ವಜ್ರ ಆಗಿದ್ರೆ ಬೆಳಕನ್ನ ಬಗ್ಗಿಸಿ ಅಲ್ಲೂ ಫಳಫಳ ಅಂತಿತ್ತು."

ಅಕ್ಕನ ಮುಖ ಹುಳ್ಳಗಾಯಿತು. ಅಮ್ಮ ಬಿಟ್ಟುಹೋದ ಎರಡು ಉಂಗುರಗಳಲ್ಲಿ ಒಂದು ವಜ್ರದ್ದೆಂಬ ಮಾತು ಮನೆಯಲ್ಲಿತ್ತು. ಅದು ತನಗಲ್ಲ, ಅಮ್ಮನ ಮುದ್ದಿನವಳಾದ ಇನ್ನೊಬ್ಬಳಿಗೇ ಹೋಯಿತೆಂದು ಅಕ್ಕತಂಗಿಯರಿಬ್ಬರೂ ಎಂಟು ವರ್ಷ ಮುಖ ಊದಿಸಿಕೊಂಡಿದ್ದರು. "ನಂಗೊತ್ತಿತ್ತು ಬಿಡೆ. ಈಗ ನಿಂದು ಹಾಕ್ಸು," ಎಂದಳು ತಂಗಿಗೆ.

ತಂಗಿ ಕಣ್ಣು ಮುಚ್ಚಿಕೊಂಡಳು. ಎಣ್ಣೆ ಅವಳ ಹರಳನ್ನೂ ಗುಳುಂ ಮಾಡಿತು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಅಮ್ಮ ಇಬ್ರಿಗೂ ಸರಿಯಾಗಿ ಟೋಪಿ ಹಾಕಿದ್ಲು ಕಣೇ!" ತಂಗಿ ಅವಳ ಹೆಗಲ ಮೇಲೆ ಬಿದ್ದು ಬಿದ್ದು ನಕ್ಕಳು.

ಮುದುಕರು ಬಟ್ಟಲಿನ ತಳ ತಡಕಾಡಿ ಎರಡನ್ನೂ ಹೊರತೆಗೆದು ಒರೆಸಿದರು. "ಯಾವುದು ಯಾರದ್ದಮ್ಮಾ?"

ಎಂಟು ವರ್ಷ ತನ್ನ ಹರಳನ್ನು ದಿನಾ ಬೆಳಕಿಗೆ ಹಿಡಿದು ನೋಡಿದ್ದ ಅಕ್ಕ, ಅತ್ತ ತಿರುಗಿಯೂ ನೋಡದೆ ಕೈ ಚಾಚಿದಳು. "ಯಾವುದಾದ್ರೂ ಕೊಡಿ, ಯಜಮಾನ್ರೇ."